ಕಲ್ಲಕ್ಕ ಹಾರಿದ ಬೆಳಗಿನ ಆಟ

ನಮ್ಮೂರಿನಲ್ಲಿ ಎಲ್ಲರ ಮನೆಯ ಬಾಗಿಲ ಹಿಂದೆಯೂ ಒಂದು ದೋಟಿ ಇರುತ್ತದೆ. ಬೇರೆ ಊರುಗಳಲ್ಲಿ ಅದು ಮಾವಿನಕಾಯಿ ಕೀಳುವುದಕ್ಕಂತೆ. ನಮ್ಮಲ್ಲಿ ಮನುಷ್ಯರನ್ನು ಇಳಿಸುವುದಕ್ಕೆ. ನಿರಾಸೆಯಾದವರು ನೆಲ ಬಿಟ್ಟು ಮೇಲೆ ಹೋಗುತ್ತಾರೆ. ತಿಂಡಿಗೆ ದೋಸೆ ಅಂದುಕೊಂಡು ಬಂದವರಿಗೆ ಉಪ್ಪಿಟ್ಟು ಸಿಕ್ಕರೆ ಹಿಮ್ಮಡಿ ಮಾತ್ರ ಏಳುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಗಳನ್ನು ನೋಡಲು ಬಂದವರು ಬೋಂಡಾ ತಿಂದು ಕೈತೊಳೆದು "ಆಮೇಲೆ ತಿಳಿಸ್ತೀವಿ" ಅಂದರೆ ತಂದೆಯಾದವನು ಬಾಗಿಲ ಚೌಕಟ್ಟಿನಷ್ಟು ಎತ್ತರಕ್ಕೆ ಹೋಗುತ್ತಾನೆ. ಪರೀಕ್ಷೆಯ ಫಲಿತಾಂಶದ ದಿನ ಶಾಲೆಯ ಮೈದಾನದ ಮೇಲೆ ಬಲೆ ಕಟ್ಟುತ್ತಾರೆ. ಯಾರ ಮನೆಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಸೂರು ನೋಡುವುದು ನಮ್ಮಲ್ಲಿ ಸಭ್ಯತೆಯಲ್ಲ. ಯಾರಿರುತ್ತಾರೋ ಏನೋ.

ಇಳಿಸುವುದಕ್ಕೆ ಒಂದು ಕ್ರಮ ಉಂಟು. ದೋಟಿಯ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು, ಮಡಿಲಿಗೆ ಒಂದು ಕಲ್ಲು ಕೊಡಬೇಕು, ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಬೇಕು. ನಡುವೆ ಬಾಯಿ ಹಾಕಬಾರದು, ಬುದ್ಧಿ ಹೇಳಬಾರದು. ಕೇಳದೆ ಬರಿದೆ ಎಳೆದರೆ ಹೊಸ್ತಿಲು ದಾಟುವುದರೊಳಗೆ ಮತ್ತೆ ಮೇಲೆ. ಈಗಷ್ಟೇ ಇಳಿದವರ ಕೈಗೆ ದೋಟಿ ಕೊಡುವುದೂ ತಪ್ಪು. ಇನ್ನೊಬ್ಬರನ್ನು ಎಳೆಯಲು ಹೋಗಿ ಇಬ್ಬರೂ ಹೋಗುತ್ತಾರೆ.

ನಾನು ಮಾತ್ರ ಒಮ್ಮೆಯೂ ಮೇಲೆ ಹೋದವಳಲ್ಲ. ನನ್ನ ಹೆಸರು ದಾಕ್ಷಾಯಿಣಿ. ಊರಿನವರು ನನ್ನನ್ನು ಭೂಮಿತೂಕದ ಹೆಂಗಸು ಅನ್ನುತ್ತಾರೆ, ಹೊಗಳಿಕೆಯಾಗಿಯೇ. ಹನ್ನೊಂದು ವರ್ಷದವಳಿದ್ದಾಗ ಅಮ್ಮ ತಿಂಗಳಿಗೆರಡು ಸಲ ಜಂತಿಗೆ ತಾಗುವುದನ್ನೂ ಅಪ್ಪ ಪಕ್ಕದ ಕೋಣೆಯಲ್ಲಿ ಅದೇ ಸ್ಥಿತಿಯಲ್ಲಿರುವುದನ್ನೂ ನೋಡಿ, ಮನೆಯಲ್ಲಿ ಒಬ್ಬರಾದರೂ ಕೆಳಗಿರಬೇಕು ಅಂತ ತೀರ್ಮಾನಿಸಿದ್ದೆ. ಅದರ ಉಪಾಯ ಕಷ್ಟದ್ದಲ್ಲ. ನಾಳೆ ಹೀಗಾದರೆ ಚೆನ್ನ ಅಂತ ಅಂದುಕೊಳ್ಳುವುದನ್ನು ನಿಲ್ಲಿಸಿದರೆ ಆಯಿತು. ಮದುವೆಯಾದ ಮೇಲೆ ಅದು ಇನ್ನೂ ಸುಲಭವಾಯಿತು. ನನ್ನ ಗಂಡ ಸದಾನಂದ ಕ್ರಿಕೆಟ್ ನೋಡುವವರು. ಅವರನ್ನು ಇಳಿಸಿ ಇಳಿಸಿ ನನ್ನ ತೋಳು ಬಾವಿ ಸೇದುವವರ ತೋಳಿನಂತಾಗಿತ್ತು.

ಇದಕ್ಕೆ ಪೂರ್ತಿ ಉಲ್ಟಾ ನನ್ನ ಗೆಳತಿ ಪಂಕಜಾಕ್ಷಿ. ಸೀರೆಯ ಬಣ್ಣ ಒಂದು ಒಗೆತಕ್ಕೆ ಹೋದರೆ ಅವಳೂ ಹೋಗುತ್ತಿದ್ದಳು. ಚಿತ್ರ ಬರೆಯುತ್ತಿದ್ದಳು, ಸೆರಗಿನಲ್ಲಿ ಯಾವಾಗಲೂ ಎರಡು ತಕ್ಕಡಿಕಲ್ಲು ಕಟ್ಟಿಕೊಂಡಿರುತ್ತಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ ನಾವಿಬ್ಬರೂ ಸೇರಿ ನಮ್ಮೂರಿನ ವಾರಪತ್ರಿಕೆಯ ಕೊನೆಯ ಪುಟಕ್ಕೆ ಒಂದು ಚಿತ್ರಕಥೆ ಶುರುಮಾಡಿದೆವು. ಚಿತ್ರ ಅವಳದು, ಮಾತು ನನ್ನದು. ಅದೇ 'ಕಲ್ಲಕ್ಕ'.

ಕಲ್ಲಕ್ಕ ಹಿಟ್ಟಿನ ಗಿರಣಿ ನಡೆಸುವ ನಲವತ್ತೈದರ ಹೆಂಗಸು. ಅವಳ ಶಕ್ತಿ ಒಂದೇ. ಕಾಲೂರಿ ನಿಂತರೆ ಯಾರಿಂದಲೂ ಕದಲಿಸಲು ಆಗುವುದಿಲ್ಲ. ಅವಳ ವೈರಿ ಭರವಸೆ ಭರಮಪ್ಪ. ಅವನು ಮನೆಮನೆಗೆ ಹೋಗಿ ಸೈಟು ಕೊಡಿಸುತ್ತೇನೆ, ವರ ಹುಡುಕುತ್ತೇನೆ, ಮೊಣಕಾಲು ನೋವಿಗೆ ಎಣ್ಣೆ ತರಿಸುತ್ತೇನೆ ಅಂತ ಆಸೆ ಹಚ್ಚುತ್ತಾನೆ. ಆಮೇಲೆ ಏನೂ ಆಗದೆ ಇಡೀ ಬೀದಿ ಮೇಲೆ ಹೋದಾಗ ಮನೆಗಳನ್ನು ದೋಚುತ್ತಾನೆ. ಆಗ ಕಲ್ಲಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, ಒಂದು ಕೈಯಲ್ಲಿ ಹತ್ತು ಜನರ ಕಾಲು ಹಿಡಿದು ನಿಲ್ಲುತ್ತಾಳೆ. ಪ್ರತಿ ವಾರ ಕೊನೆಯ ಚೌಕದಲ್ಲಿ ನಾನು ಒಂದೇ ಸಾಲು ಬರೆಯುತ್ತಿದ್ದೆ: 'ಕಲ್ಲಕ್ಕ ಕದಲಲಿಲ್ಲ.' ಊರಿನ ಹೆಂಗಸರು ಆ ಪುಟ ಕತ್ತರಿಸಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದರು. ಹೆರಿಗೆ ನೋವು ತಿನ್ನುವವರಿಗೆ ಸೂಲಗಿತ್ತಿ ಅದನ್ನು ಮಂತ್ರದ ಹಾಗೆ ಹೇಳುತ್ತಿದ್ದಳೆಂದೂ ಕೇಳಿದ್ದೇನೆ.

ಹೋದ ವರ್ಷ ದೊಡ್ಡ ಊರಿನಿಂದ ಸಿನಿಮಾದವರು ಬಂದರು. ನಿರ್ದೇಶಕ ಇನ್ನೂ ಮೂವತ್ತು ತುಂಬದ ಹುಡುಗ, ನಿಶಾಂತ್ ಅಂತ ಹೆಸರು. ನಮ್ಮ ಸೋಫಾದ ತುದಿಯಲ್ಲಿ ಕೂತು ಪಂಕಜಳ ಇಪ್ಪತ್ತೆರಡು ವರ್ಷದ ಚಿತ್ರಗಳನ್ನು ಗೌರವದಿಂದಲೇ ತಿರುವಿದ. ಅವರ ಊರಿನಲ್ಲಿ ನಿರಾಸೆಯಾದವರು ನೆಲದ ಮೇಲೇ ಓಡಾಡುತ್ತಾರಂತೆ. "ಮತ್ತೆ ಒಬ್ಬರ ಬೇಜಾರು ಇನ್ನೊಬ್ಬರಿಗೆ ಹೇಗಪ್ಪ ಗೊತ್ತಾಗೋದು?" ಅಂತ ನಮ್ಮೆಜಮಾನರು ಕೇಳಿದರು. "ಗೊತ್ತಾಗಲ್ಲ ಸಾರ್," ಅಂದ ಅವನು. ನಮ್ಮೆಜಮಾನರಿಗೆ ಪಾಪ ಅನ್ನಿಸಿ ಅವನಿಗೆ ಇನ್ನೊಂದು ಲೋಟ ಕಾಫಿ ತರಿಸಿದರು.

ಆಗ ಪಂಕಜ ಸೊಸೆಯ ಬಾಣಂತನಕ್ಕೆ ಹೊರಡುವವಳಿದ್ದಳು. ಬಸ್ಸು ಹತ್ತುವಾಗ ಕಿಟಕಿಯಿಂದ ನನ್ನ ಕೈ ಹಿಡಿದು, "ದಾಕ್ಷಿ, ಎಲ್ಲ ನಿನಗೆ ಬಿಟ್ಟಿದ್ದೀನಿ. ಏನು ಬೇಕಾದರೂ ಬದಲಾಯಿಸಿಕೊಳ್ಳಲಿ, ಕಲ್ಲಕ್ಕನ ಕಾಲು ಮಾತ್ರ ನೆಲ ಬಿಡಬಾರದು. ಅಷ್ಟು ನೋಡಿಕೋ," ಅಂದಳು. ನಾನು ಆಯಿತು ಅಂದೆ.

ಮೂರು ವಾರದ ನಂತರ ನಿಶಾಂತ್ ಒಪ್ಪಿಗೆಯ ಕಾಗದ ತಂದ. ಬದಲಾವಣೆಗಳ ಪಟ್ಟಿಯಲ್ಲಿ ನಾಲ್ಕನೆಯದು: ನಾಯಕಿ ಹಾರುತ್ತಾಳೆ. "ಇದೊಂದು ಬೇಡಪ್ಪ," ಅಂದೆ. "ಹಾರದೆ ಇದ್ದರೆ ಸೂಪರ್ ಹೀರೋ ಹೇಗಾಗ್ತಾಳೆ ಮೇಡಂ? ಇಪ್ಪತ್ತೆರಡು ವರ್ಷ ನಿಂತೇ ಇದ್ದಾಳೆ. ನಿಮಗೆ ಒಂದು ಸಲನೂ ಅವಳು ಹಾರಲಿ ಅನ್ನಿಸಿಲ್ವಾ?" ಅಂತ ಕೇಳಿದ. ಪೆನ್ನು ಅವನ ಜೇಬಿನಲ್ಲಿತ್ತು, ಕೇಳಿ ತೆಗೆದುಕೊಂಡು ಸಹಿ ಹಾಕಿದೆ. ಪಂಕಜ ವಾಪಸು ಬಂದಾಗ ಹೇಳಬೇಕು ಅಂದುಕೊಂಡೆ. ಮಗುವಿನ ಫೋಟೋ ನೋಡುವುದರಲ್ಲಿ ಆ ಮಂಗಳವಾರ ಕಳೆಯಿತು. ನಾವು ಪ್ರತಿ ಮಂಗಳವಾರ ಅವಳ ಮನೆಯಲ್ಲಿ ಕೂತು ಆ ವಾರದ ಪುಟ ಮಾಡುತ್ತಿದ್ದೆವು. ಹಾಗೆ ಮೂವತ್ತೈದು ಮಂಗಳವಾರಗಳು ಕಳೆದವು.

ಸಿನಿಮಾ ಬಿಡುಗಡೆಯಾದ ದಿನ ಬೆಳಗಿನ ಆಟಕ್ಕೆ ನೂರ ಹನ್ನೆರಡು ಟಿಕೆಟ್ಟೂ ಹೋಗಿದ್ದವು. ಟೈಲರ್ ನಸೀಮಾ ಅಂಗಡಿ ಮುಚ್ಚಿ, ಕಲ್ಲಕ್ಕನ ಹಾಗೆ ಬಿಳಿ ರವಿಕೆ ಹೊಲಿದುಕೊಂಡು ಬಂದಿದ್ದಳು. ನಿವೃತ್ತ ಪೋಸ್ಟ್ ಮಾಸ್ಟರ್ ಚೆನ್ನವೀರಯ್ಯನವರು ಮೊದಲ ಸಂಚಿಕೆಯಿಂದ ಎಲ್ಲವನ್ನೂ ಬೈಂಡು ಮಾಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದರು, ತಪ್ಪು ಕಂಡರೆ ತಾಳೆ ನೋಡುವುದಕ್ಕೆ. ನನ್ನ ಪಕ್ಕದಲ್ಲಿ ಪಂಕಜ. ಆ ದಿನ ಅವಳು ಸೆರಗಿನ ತಕ್ಕಡಿಕಲ್ಲುಗಳನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು. "ಇವತ್ತು ಯಾಕೆ ಬೇಕು?" ಅಂದಳು ನಗುತ್ತ.

ಶುರುವಿನಲ್ಲೇ ಕಲ್ಲಕ್ಕನಿಗೆ ಇಪ್ಪತ್ಮೂರು ವರ್ಷ. ಗಿರಣಿ ಇರಲಿಲ್ಲ, ಜಿಮ್ ಇತ್ತು. ಥಿಯೇಟರಿನ ಹಾಲಿನಲ್ಲಿ ಅಲ್ಲಲ್ಲಿ ಕುರ್ಚಿ ಕಿರ್ ಅಂದಿತು, ಹಿಮ್ಮಡಿಗಳು ಎದ್ದವು. ಭರವಸೆ ಭರಮಪ್ಪ ಬೈಕಿನಲ್ಲಿ ಬಂದು ಅವಳಿಗೆ ಗುಲಾಬಿ ಕೊಟ್ಟ. "ಇವನು ಭರಮಪ್ಪನೇನೇ?" ಅಂತ ಯಾರೋ ಹಿಂದಿನ ಸಾಲಿನಲ್ಲಿ ಸಣ್ಣ ದನಿಯಲ್ಲಿ ಕೇಳಿದರು. ನಸೀಮಾ ಆಗಲೇ ಕುರ್ಚಿಯಿಂದ ಒಂದು ಗೇಣು ಮೇಲಿದ್ದಳು, ಎರಡೂ ಕೈಯಲ್ಲಿ ಹಿಡಿಕೆ ಹಿಡಿದಿದ್ದಳು. ಪಂಕಜ ಮಾತ್ರ ಗಟ್ಟಿಯಾಗಿ ಕೂತಿದ್ದಳು. "ಇರಲಿ, ಇರಲಿ. ವಯಸ್ಸಿನ ಹುಡುಗರು ಮಾಡಿದ್ದು. ನಿಲ್ಲುವ ಜಾಗ ಬರಲಿ ನೋಡೋಣ," ಅಂದಳು.

ನಿಲ್ಲುವ ಜಾಗ ಬಂತು. ಸೇತುವೆ ಮುರಿಯುತ್ತದೆ, ಶಾಲೆಯ ಬಸ್ಸು ನೇತಾಡುತ್ತದೆ, ಕಲ್ಲಕ್ಕ ಓಡಿ ಬರುತ್ತಾಳೆ. ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ತಮ್ಮ ಕಾಲನ್ನು ನೆಲಕ್ಕೆ ಒತ್ತಿ ಕೂತರು, ಅವಳ ಜೊತೆಗೆ ತಾವೂ ನಿಲ್ಲುವವರ ಹಾಗೆ. ಅವಳು ಮಂಡಿ ಬಗ್ಗಿಸಿದಳು, ಕೈ ಮುಷ್ಟಿ ಮಾಡಿದಳು, ಹಾರಿದಳು. ನಮ್ಮೂರಿನ ಕಣ್ಣಿಗೆ ಅದು ಏನಾಗಿ ಕಂಡಿತು ಅಂತ ನಿಶಾಂತನಿಗೆ ಹೇಗೆ ಗೊತ್ತಿರಬೇಕು? ನಮಗೆ ಅದು ಬಸ್ಸಿನ ಮಕ್ಕಳನ್ನು ನೋಡಿ 'ಅಯ್ಯೋ, ನನ್ನಿಂದಾಗದು' ಅಂತ ಸೋತ ಒಬ್ಬ ಹೆಂಗಸು.

ಮಳೆಗಾಲದಲ್ಲಿ ದೀಪದ ಹುಳುಗಳು ಏಳುವ ಹಾಗೆ ಇಡೀ ಹಾಲು ಎದ್ದಿತು. ಚಪ್ಪಲಿಗಳು, ಕಡಲೆಕಾಯಿ ಸಿಪ್ಪೆ, ಕನ್ನಡಕ ಎಲ್ಲ ಕೆಳಗೆ ಬಿದ್ದವು. ಇಣುಕಿ ನೋಡಲು ಬಂದಿದ್ದ ಗೇಟಿನ ಮುದ್ದಯ್ಯ ಟಾರ್ಚ್ ಸಮೇತ ಹೋದ. ಆಪರೇಟರ್ ಕೂಡ ಕ್ಯಾಬಿನ್ನಿನ ಸೂರಿಗೆ ತಾಗಿದ್ದರಿಂದ ಸಿನಿಮಾ ನಿಲ್ಲಿಸುವವರಿಲ್ಲದೆ ಕಲ್ಲಕ್ಕ ಹಾರುತ್ತಲೇ ಇದ್ದಳು, ಅದಕ್ಕೊಂದು ಹಾಡು ಬೇರೆ.

ನಾನು ಕುರ್ಚಿಯಲ್ಲೇ ಇದ್ದೆ. ಗೊತ್ತಿದ್ದದ್ದು ನಡೆದರೆ ನಿರಾಸೆ ಎಲ್ಲಿಂದ ಬರಬೇಕು? ಅದು ಮೇಲಿದ್ದ ಪಂಕಜಳಿಗೂ ಹೊಳೆದೀತು ಅನ್ನಿಸಿದ್ದೇ ತಡ ನಾಚಿಕೆ ಬಿಟ್ಟು ಒಂದು ಕೆಲಸ ಮಾಡಿದೆ. ಕತ್ತಲಲ್ಲಿ ಕುರ್ಚಿಯ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಕೈ ಎರಡನ್ನೂ ಮೇಲೆತ್ತಿದೆ. ದೂರದಿಂದ ನೋಡಿದವರಿಗೆ ಏರುತ್ತಿರುವ ಹಾಗೆ ಕಾಣಲಿ ಅಂತ. ಅಷ್ಟರಲ್ಲಿ ಪರದೆಯ ಮೇಲೆ ಸೂರ್ಯೋದಯವಾಗಿ ಹಾಲೆಲ್ಲ ಬೆಳಕಾಯಿತು. "ದಾಕ್ಷಾಯಿಣಮ್ಮನವರು ಕುರ್ಚಿ ಮೇಲೆ ಯಾಕೆ ನಿಂತಿದ್ದಾರೆ?" ಅಂತ ಚೆನ್ನವೀರಯ್ಯನವರು ಮೇಲಿನಿಂದ ಕೇಳಿದರು. "ನಮ್ಮನ್ನು ಇಳಿಸೋಕೆ ಇರಬೇಕು. ಭೂಮಿತೂಕದ ಹೆಂಗಸು," ಅಂದಳು ನಸೀಮಾ. ಪಂಕಜ ಮಾತ್ರ ಫ್ಯಾನಿನ ಕಂಬಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹಾಡು ಮುಗಿದು ಒಂದು ಕ್ಷಣ ಸದ್ದಿಲ್ಲದಾಯಿತು. "ನಿನಗೆ ಗೊತ್ತಿತ್ತು," ಅಂದಳು.

ನೂರ ಹನ್ನೆರಡು ಮುಖಗಳು ಕೆಳಗೆ ತಿರುಗಿದವು. ನಾನು ಕುರ್ಚಿಯಿಂದ ಇಳಿದೆ. "ಸಹಿ ಹಾಕಿದ್ದು ನಾನೇ," ಅಂದೆ. ಗೋಡೆಯಲ್ಲಿ ನೇತುಹಾಕಿದ್ದ ದೋಟಿ ತೆಗೆದುಕೊಂಡೆ. ಕೆಳಗಿದ್ದವಳು ನಾನೊಬ್ಬಳೇ, ಇಳಿಸಬೇಕಾದವಳು ನಾನು, ಕೇಳಬೇಕಾದವಳೂ ನಾನು.

ಮೊದಲು ಇಳಿದವರು ಚೆನ್ನವೀರಯ್ಯನವರು. ಕಲ್ಲು ಮಡಿಲಿಗಿಟ್ಟುಕೊಂಡು, ಬೈಂಡು ಪುಸ್ತಕ ಬಿಚ್ಚಿ, ಭರಮಪ್ಪ ಎಷ್ಟು ಸಲ ಯಾವ ಯಾವ ಮನೆ ದೋಚಿದ್ದಾನೆ ಅಂತ ವಾರದ ಸಮೇತ ಓದಿದರು. "ಇಂಥವನಿಗೆ ಹೆಣ್ಣು ಕೊಟ್ಟಿರಲ್ಲ ತಾಯಿ," ಅಂದರು, ನಾನೇ ಮುಂದೆ ನಿಂತು ಧಾರೆ ಎರೆದ ಹಾಗೆ. ನಸೀಮಾ ಬೈಯಲಿಲ್ಲ. "ಅಕ್ಕಾ, ನನ್ನ ಗಂಡ ಬಿಟ್ಟು ಹೋದ ವಾರ ನೀವು ಬರೆದಿದ್ದಿರಿ, ಗಿರಣಿಗೆ ಬೀಗ ಹಾಕೋಕೆ ಬಂದವರ ಎದುರು ಕಲ್ಲಕ್ಕ ಬಾಗಿಲಲ್ಲಿ ನಿಂತದ್ದು. ನಾನೂ ಹಾಗೇ ಅಂಗಡಿ ಬಾಗಿಲಲ್ಲಿ ನಿಂತೆ. ಅವಳು ಹಾರಬಹುದಿತ್ತು ಅಂತಾದರೆ ನಾನು ಯಾಕೆ ನಿಂತೆ?" ಅಂದಳು. ಅದಕ್ಕಿಂತ ಬೈಗುಳವೇ ಹಗುರವಾಗಿತ್ತು. ಒಬ್ಬಾಕೆ ತನಗೆ ಸಿನಿಮಾ ಹಿಡಿಸಿತು, ಎಲ್ಲರೂ ಹೋದರಲ್ಲ ಅಂತ ತಾನೂ ಹೋದೆ ಅಂದಳು. ಕಾಲೇಜಿನ ಮೂವರು ಹುಡುಗಿಯರು ಒಟ್ಟಿಗೆ ಇಳಿದು, ಹಾರಿದ್ದು ಪರವಾಗಿಲ್ಲ ಆಂಟಿ, ಆದರೆ ಆ ಪ್ಯಾಂಟು ಹಾಕಿಕೊಂಡು ಯಾರಾದರೂ ಹಾರುತ್ತಾರಾ ಅಂತ ಕೇಳಿದರು. ನಮ್ಮೆಜಮಾನರು ಇಳಿದು ಕಲ್ಲು ಹಿಡಿದು, "ಈ ಸಲ ನನಗಿಂತ ಎತ್ತರ ಮುದ್ದಯ್ಯ ಹೋಗಿದ್ದ, ನೋಡಿದೆಯಾ?" ಅಂದು ಹೊರಗೆ ಟೀ ಕುಡಿಯಲು ಹೋದರು. ಇಪ್ಪತ್ತೆಂಟು ವರ್ಷದಲ್ಲಿ ಅವರಿಗೆ ನನ್ನಿಂದ ನಿರಾಸೆಯಾದದ್ದೇ ಇಲ್ಲ, ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದರೆ ತಾನೇ.

ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ನೂರ ಹನ್ನೊಂದು ಜನ ಇಳಿದಿದ್ದರು. ಎಲ್ಲರೂ ಹೊರಗಿನ ಅಂಗಳದಲ್ಲಿ ಮಡಿಲಲ್ಲಿ ಕಲ್ಲಿಟ್ಟುಕೊಂಡು, ಎರಡನೇ ಆಟಕ್ಕೆ ಬಂದವರಿಗೆ "ಹೋಗಬೇಡಿ" ಅನ್ನುತ್ತಿದ್ದರು. ಬಂದವರು "ನಾವೇ ನೋಡಿ ತೀರ್ಮಾನ ಮಾಡ್ತೀವಿ ಬಿಡಿ" ಅನ್ನುತ್ತಿದ್ದರು. ಖಾಲಿ ಹಾಲಿನಲ್ಲಿ ನಾನು, ಸೂರಿನಲ್ಲಿ ಪಂಕಜ.

"ಬಾ," ಅಂದೆ, ದೋಟಿ ಎತ್ತಿ. ಅವಳು ಕೊಕ್ಕೆಯನ್ನು ಕಾಲಿನಿಂದ ತಳ್ಳಿದಳು. "ಬೈದುಬಿಡು ಪಂಕಜ. ಅವರೆಲ್ಲ ಬೈದರು. ನೀನೂ ಬೈದರೆ ಮುಗಿಯುತ್ತೆ." "ಮುಗಿಯುತ್ತೆ ಅಂತಾನೇ ಬೈಯಲ್ಲ," ಅಂದಳು. "ಕಲ್ಲಕ್ಕನ ಕಾಲು ಯಾರದು ಅಂತ ಗೊತ್ತಾ ನಿನಗೆ? ಅಗಲ ಪಾದ, ಹೆಬ್ಬೆರಳು ಹೊರಗೆ ಚಾಚಿದ್ದು. ಇಪ್ಪತ್ತೆರಡು ವರ್ಷ ಮಂಗಳವಾರ ಮಂಗಳವಾರ ನಿನ್ನ ಕಾಲು ನೋಡಿಕೊಂಡು ಬರೆದೆ. ನಾನು ಎದ್ದು ಹೋಗೋಳು, ನೀನು ನಿಲ್ಲೋಳು. ಅದನ್ನ ನೋಡಿ ಬದುಕಿದೆ. ಅದನ್ನೇ ನೀನು ಮಾರಿದೆ ಅಂತ ಅಂದ್ಕೊಳ್ಳಲ್ಲ. ಆದರೆ ನನ್ನನ್ನ ಒಂದು ಮಾತು ಕೇಳಬಹುದಿತ್ತು," ಅಂದಳು. "ಕೇಳಿದ್ದರೆ ನೀನು ಬೇಡ ಅಂತಿದ್ದೆ," ಅಂದೆ ನಾನು. "ಅಂತಿದ್ದೆ. ಅದಕ್ಕೇ ಕೇಳಬೇಕಿತ್ತು. ಮುಂದಿನ ಮಂಗಳವಾರದಿಂದ ಬರಬೇಡ ದಾಕ್ಷಿ. ಪುಟ ನಿಲ್ಲಿಸಿದೆ ಅಂತ ಪತ್ರಿಕೆಗೆ ನಾನೇ ಹೇಳ್ತೀನಿ."

ದೋಟಿ ನನ್ನ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ, ನೆಲ ಸಿಗಲಿಲ್ಲ. ಚಪ್ಪಲಿ ಅಲ್ಲೇ ಇತ್ತು, ನಾನು ಅದರಲ್ಲಿ ಇರಲಿಲ್ಲ. ಒಲೆಯ ಮೇಲೆ ಮರೆತ ಹಾಲು ಉಕ್ಕುವ ಹಾಗೆ, ಮೊದಲು ಮೆಲ್ಲಗೆ, ಆಮೇಲೆ ತಡೆಯಲಾಗದ ಹಾಗೆ ಮೇಲೆ ಹೋದೆ. ಎಷ್ಟೋ ಜನರಿಗೆ 'ತಲೆಯ ಮೇಲೆ ಕೈ ಇಟ್ಟುಕೊಳ್ಳಿ' ಅಂತ ಹೇಳಿಕೊಟ್ಟವಳು ನಾನು. ಈಗ ನೆನಪಾಗದೆ ಸೂರಿಗೆ ಢಣ್ ಅಂತ ತಲೆ ಹೊಡೆಸಿಕೊಂಡೆ. ಪಂಕಜ ಬಾಯಿ ತೆರೆದು ನೋಡುತ್ತಿದ್ದಳು. ನನಗೂ ಅಷ್ಟೇ ಆಶ್ಚರ್ಯ. ಅಂದರೆ ಮೂರೂವರೆ ಗಂಟೆ ಬೈಗುಳ ಕೇಳುವಾಗಲೂ ಒಳಗೆ ಎಲ್ಲೋ, ಇವಳು ಕೊನೆಗೆ ಇಳಿದು ಬಂದು 'ಹೋಗಲಿ ಬಿಡೇ' ಅನ್ನುತ್ತಾಳೆ ಅಂತ ನಾನು ಕಾಯುತ್ತಿದ್ದೆ. ಹನ್ನೊಂದನೇ ವಯಸ್ಸಿನಿಂದ ಕಾಯುವುದನ್ನು ಬಿಟ್ಟಿದ್ದೇನೆ ಅಂದುಕೊಂಡಿದ್ದವಳು.

"ಉಸಿರು ಹಿಡಿಯಬೇಡ, ಮೊದಲ ಸಲ ಎಲ್ಲರೂ ಉಸಿರು ಹಿಡಿದು ತಲೆಸುತ್ತು ಬರಿಸಿಕೊಳ್ತಾರೆ," ಅಂದಳು ಪಂಕಜ, ಮನಸ್ಸಿಲ್ಲದ ಮನಸ್ಸಿನಿಂದ. "ಸೀರೆ ನೆರಿಗೆ ಮಂಡಿಯ ನಡುವೆ ಸಿಕ್ಕಿಸಿಕೋ." ಸಿಕ್ಕಿಸಿಕೊಂಡೆ. ಅಷ್ಟರಲ್ಲಿ ಎರಡನೇ ಆಟದ ಜನ ಒಳಗೆ ಬಂದರು. ಸಭ್ಯರು, ಒಬ್ಬರೂ ಮೇಲೆ ನೋಡಲಿಲ್ಲ. ಕೂಗಲು ನನಗೆ ಧೈರ್ಯವಾಗಲಿಲ್ಲ, ಅವಳಿಗೆ ಇಷ್ಟವಿರಲಿಲ್ಲ. ದೀಪ ಆರಿತು, ಸಿನಿಮಾ ಮತ್ತೆ ಶುರುವಾಯಿತು.

"ಯಾಕೆ ಒಪ್ಪಿದೆ?" ಅಂತ ಅವಳು ಪರದೆಯನ್ನೇ ನೋಡುತ್ತ ಕೇಳಿದಳು. ಇಷ್ಟು ಹೊತ್ತು ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. "ನಾನು ಗಟ್ಟಿಗಿತ್ತಿ ಅಂತ ನಿಂತವಳಲ್ಲ ಪಂಕಜ. ಏನನ್ನೂ ಬಯಸದೆ ಇದ್ದರೆ ಕಾಲು ತಾನಾಗಿ ನೆಲಕ್ಕೆ ಅಂಟಿಕೊಳ್ಳುತ್ತೆ. ನೀನು ಒಂದು ಸೀರೆಗೆ ಮೇಲೆ ಹೋದಾಗೆಲ್ಲ ಕೆಳಗೆ ದೋಟಿ ಹಿಡಿದು ನಿಂತು, ಇವಳಿಗೆ ಇಷ್ಟೊಂದು ಬೇಕು ಅನ್ನಿಸುತ್ತಲ್ಲ ಅಂತ ಹೊಟ್ಟೆಕಿಚ್ಚು ಪಡ್ತಿದ್ದೆ. 'ಕಲ್ಲಕ್ಕ ಕದಲಲಿಲ್ಲ' ಅಂತ ಸಾವಿರದ ಮೇಲೆ ಸಲ ಬರೆದಿದ್ದೀನಿ. ಒಂದು ಸಲ ಕದಲಲಿ ಅನ್ನಿಸಿತು. ನಿನಗೆ ಹೇಳಿದ್ದರೆ ನೀನು ನನ್ನ ಕಾಲು ನೋಡೋದನ್ನ ನಿಲ್ಲಿಸಿಬಿಡ್ತೀಯ ಅನ್ನೋ ಭಯ ಬಂತು. ಅದಕ್ಕೆ ಮೂವತ್ತೈದು ವಾರ ಬಾಯಿ ಮುಚ್ಚಿಕೊಂಡೆ. ಅದು ತಪ್ಪು."

ಕೆಳಗೆ ಗುಲಾಬಿಯ ದೃಶ್ಯ ಬಂದು ಹೋಯಿತು. ಅವಳು ನಡುವೆ ಬಾಯಿ ಹಾಕದೆ, ಬುದ್ಧಿ ಹೇಳದೆ ನನ್ನ ಮಾತು ಪೂರ್ತಿ ಕೇಳಿದ್ದಳು ಅನ್ನುವುದು ಮಾತ್ರ ನನಗೆ ಗೊತ್ತಾಯಿತು. ಸೇತುವೆ ಮುರಿಯಿತು. ಕಲ್ಲಕ್ಕ ಹಾರಿದಳು. ಪಂಕಜ ಕಣ್ಣು ಕಿರಿದು ಮಾಡಿ, "ಹಾರುವಾಗ ಪಾದ ಹೀಗೆ ಚಾಚಲ್ಲ. ನಿನ್ನದು ಒಳಗೆ ಮಡಿಚಿತ್ತು, ಈಗ ನೋಡಿದೆ," ಅಂತ ತನಗೇ ಹೇಳಿಕೊಳ್ಳುವ ಹಾಗೆ ಅಂದಳು.

ಆಗ ಇಡೀ ಹಾಲು ಮತ್ತೆ ಎದ್ದಿತು. ನಮ್ಮ ಸುತ್ತ ದಪ್ ದಪ್ ಅಂತ ತಲೆಗಳು, ಚೀಲಗಳು, ಒಂದು ಊಟದ ಡಬ್ಬಿ. ಫ್ಯಾನಿನ ಹತ್ತಿರ ನೂಕುನುಗ್ಗಲಾಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ದಪ್ಪ ಹೆಂಗಸೊಬ್ಬಳು ನಮ್ಮ ನಡುವೆಯೇ ಬಂದು ಸಿಕ್ಕಿಕೊಂಡಳು. ನನ್ನ ಮುಖ ನೋಡಿ ಮೂಗು ಅರಳಿಸಿ, "ಹಾರಿಸೋಕೆ ಒಪ್ಪಿಗೆ ಕೊಟ್ಟವರು ಇವರೇ ಅಂತೆ. ಅಂಗಳದಲ್ಲಿ ಹೇಳ್ತಿದ್ದರು. ಇವರಿಗೆ ಇಲ್ಲೇನು ಕೆಲಸ?" ಅಂದಳು.

ಪಂಕಜ ಅವಳ ಭುಜದ ಮೇಲಿಂದ ಕೈ ಚಾಚಿ ನನ್ನ ಮುಂಗೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. "ಇವಳು ನನ್ನ ಜೊತೆ ಇದ್ದಾಳೆ," ಅಂದಳು. "ನೀವು ಸ್ವಲ್ಪ ಆ ಕಡೆ ಸರೀರಿ."